ಬರೆದವರಿಲ್ಲದ ಬರಹ

ಬರೆದವನು ಎದುರಿಗಿಲ್ಲದಾಗ ಅವನ ಬರಹವನ್ನು ಅರ್ಥಮಾಡಿಕೊಳ್ಳುವುದು ಮನುಷ್ಯನಿಗೆ ಹೊಸ ಕಷ್ಟವಲ್ಲ. ಶಾಸನಗಳನ್ನು ಓದುವವರು ಅದನ್ನು ಬಲ್ಲರು. ಸವೆದ ತಾಳೆಗರಿಯನ್ನು ಬಿಡಿಸುವವರು ಬಲ್ಲರು. ಗತಿಸಿದ ಶ್ಯಾನುಭೋಗರ ಕಡತವನ್ನು ಹಿಡಿದುಕೊಂಡು ಜಮೀನಿನ ಎಲ್ಲೆಯನ್ನು ಗೊತ್ತುಮಾಡಲು ಹೊರಟವರೂ ಬಲ್ಲರು. ಅಕ್ಷರವೆಲ್ಲ ಕಣ್ಣಿಗೆ ಕಾಣುತ್ತದೆ, ಲೆಕ್ಕವೂ ಕೂಡಿಬರುತ್ತದೆ, ಹೀಗೇಕೆ ಬರೆದರು ಎಂಬುದಕ್ಕೆ ಮಾತ್ರ ಉತ್ತರ ದೊರೆಯುವುದಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹಳೆಯ ಕಷ್ಟವು ಒಂದು ಹೊಸ ಎಡೆಯಲ್ಲಿ ತಲೆದೋರಿತು. ಬ್ಯಾಂಕುಗಳ ಲೆಕ್ಕ, ವಿಮೆ, ಸಂಬಳ, ನಿವೃತ್ತಿವೇತನ ಮೊದಲಾದುವನ್ನು ನಡೆಸಲು ದೊಡ್ಡ ಗಣಕಯಂತ್ರಗಳಿಗಾಗಿ ಬರೆದ ಪ್ರೋಗ್ರಾಮುಗಳು, ಬರೆದವರು ಕೆಲಸ ಬಿಟ್ಟ ಮೇಲೆಯೂ, ಮುದುಕರಾದ ಮೇಲೆಯೂ, ತೀರಿಕೊಂಡ ಮೇಲೆಯೂ ದಿನವಹಿ ನಡೆಯುತ್ತಲೇ ಇದ್ದುವು. ಅವನ್ನು ತಿದ್ದಬೇಕಾಗಿ ಬಂದಾಗ, ಮೊದಲು ಓದಬೇಕಾಯಿತು. ಓದಲು ಹೊರಟವರಿಗೆ ದಾರಿ ತೋರುವ ಪಟವೊಂದು ಬೇಕಾಯಿತು.

ಬೆಂಗಳೂರಿನ ಒಂದು ಮನೆಯಲ್ಲಿ, ಪುಸ್ತಕದ ಬೀರುವಿನ ಮೂಲೆಯಲ್ಲಿ, ಗೇಣಿಗಿಂತ ತುಸು ಉದ್ದವಾದ ಪ್ಲಾಸ್ಟಿಕ್ಕಿನ ಪಟ್ಟಿಯೊಂದಿದೆ. ಅದರ ತುಂಬ ಚೌಕ, ವಜ್ರಾಕೃತಿ, ವೃತ್ತ, ಓರೆಯಾದ ಚತುರ್ಭುಜ ಮುಂತಾದ ಆಕಾರಗಳ ಕಂಡಿಗಳನ್ನು ಕೊರೆದಿದೆ. ಮನೆಯ ಮಕ್ಕಳು ಅದನ್ನು ರಂಗೋಲಿಯ ಅಚ್ಚೆಂದು ತಿಳಿದು ಆಟಕ್ಕೆ ಎತ್ತಿಕೊಳ್ಳುವುದುಂಟು. ಅದು ಆ ಮನೆಯ ಹಿರಿಯಾಕೆಯ ಸೊತ್ತು. 1970ರ ದಶಕದಲ್ಲಿ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಐಬಿಎಂ 360 ಪಂಕ್ತಿಯ 44ನೆಯ ಮಾದರಿಯ ಯಂತ್ರವಿದ್ದ ಕಾಲದಲ್ಲಿ, ಆಕೆ ಈ ವಿದ್ಯೆಯನ್ನು ಕಲಿತವರು. ಪೆನ್ಸಿಲಿನ ಮೊನೆಯನ್ನು ಆ ಕಂಡಿಗಳ ಅಂಚಿನಲ್ಲಿ ಓಡಿಸಿ, ಚೌಕದಲ್ಲಿ ಮಾಡತಕ್ಕ ಕೆಲಸವನ್ನೂ ವಜ್ರಾಕೃತಿಯಲ್ಲಿ ಕೇಳತಕ್ಕ ಪ್ರಶ್ನೆಯನ್ನೂ ಬರೆದು, ಒಂದರಿಂದೊಂದಕ್ಕೆ ಬಾಣದ ಗೆರೆಯನ್ನೆಳೆದರೆ ಫ್ಲೋಚಾರ್ಟ್ ಸಿದ್ಧವಾಗುವುದು. ಕನ್ನಡದಲ್ಲಿ ಅದನ್ನು ಪ್ರವಾಹನಕ್ಷೆ ಎನ್ನಬಹುದು.

ಈ ನಕ್ಷೆಯ ಆವಶ್ಯಕತೆಯನ್ನು ತಿಳಿಯಬೇಕಾದರೆ ಯಂತ್ರದ ಮಾತನ್ನು ಸ್ವಲ್ಪಮಟ್ಟಿಗೆ ತಿಳಿಯಬೇಕು. ಐಬಿಎಂ ಸಂಸ್ಥೆಯು 1964ನೆಯ ಇಸವಿ ಏಪ್ರಿಲ್ 7ರಂದು ಸಿಸ್ಟಮ್ 360 ಎಂಬ ಯಂತ್ರಪಂಕ್ತಿಯನ್ನು ಪ್ರಕಟಿಸಿತು. ಜೀನ್ ಆಮ್‌ಡಾಲ್, ಗೆರಿಟ್ ಬ್ಲಾವ್, ಫ್ರೆಡ್ ಬ್ರೂಕ್ಸ್ ಎಂಬವರು ಅದರ ರಚನೆಯನ್ನು ರೂಪಿಸಿದವರಲ್ಲಿ ಮುಖ್ಯರು. ಚಿಕ್ಕ ಯಂತ್ರಕ್ಕೆ ಬರೆದುದು ದೊಡ್ಡ ಯಂತ್ರದಲ್ಲಿಯೂ ನಡೆಯಬೇಕೆಂಬುದು ಅವರ ಉದ್ದೇಶವಾಗಿತ್ತು. ಈ ಯಂತ್ರಕ್ಕೆ 16 ರಿಜಿಸ್ಟರುಗಳುಂಟು. ಅವು ಕೆಲಸಗಾರನ ಕೈಯಳತೆಯಲ್ಲಿರುವ ಗೂಡುಗಳಂತೆ. ಒಂದೊಂದರಲ್ಲಿ 32 ಬಿಟ್ಟುಗಳಷ್ಟು ಸಂಖ್ಯೆ ಹಿಡಿಯುವುದು. ಎರಡು ಮೊತ್ತಗಳನ್ನು ಕೂಡಬೇಕಾದರೆ, ಮೊದಲನೆಯದನ್ನು ಒಂದು ಗೂಡಿಗೆ ತರುವುದು ಒಂದು ಆಜ್ಞೆ, ಎರಡನೆಯದನ್ನು ಅದಕ್ಕೆ ಸೇರಿಸುವುದು ಇನ್ನೊಂದು, ಫಲವನ್ನು ಮೆಮೊರಿಯಲ್ಲಿ ಇರಿಸುವುದು ಮತ್ತೊಂದು. ಹೀಗೆ ಯಂತ್ರದ ಒಂದೊಂದು ಹೆಜ್ಜೆಗೂ ಒಂದೊಂದು ಸಾಲನ್ನು ಬರೆಯುವ ಭಾಷೆಯೇ ಅಸೆಂಬ್ಲರ್. ಬಡ್ಡಿಯ ಲೆಕ್ಕವೆಂದು ಮನುಷ್ಯನು ಒಂದೇ ಮಾತಿನಲ್ಲಿ ಹೇಳುವುದು ಅಲ್ಲಿ ಪುಟಗಟ್ಟಲೆ ಹರಡಿಕೊಳ್ಳುತ್ತದೆ.

ಅದಕ್ಕಿಂತಲೂ ತೊಡಕಿನ ವಿಷಯವೆಂದರೆ ಕವಲುದಾರಿ. ಎರಡು ಸಂಖ್ಯೆಗಳನ್ನು ಹೋಲಿಸಿದಾಗ ಯಂತ್ರವು ಅದರ ಫಲವನ್ನು 0ಯಿಂದ 3ರವರೆಗಿನ ಒಂದು ಅಂಕಿಯಾಗಿ ಗುರುತಿಟ್ಟುಕೊಳ್ಳುತ್ತದೆ. ಮುಂದೆ ಬರುವ ಆಜ್ಞೆಯೊಂದು ಆ ಗುರುತನ್ನು ನೋಡಿ, ಇಂಥದಾದರೆ ಇಂಥ ಎಡೆಗೆ ಜಿಗಿ ಎಂದು ಹೇಳುತ್ತದೆ. ಆದರೆ ಕೂಡುವುದೂ ಕಳೆಯುವುದೂ ಆ ಗುರುತನ್ನು ಬದಲಾಯಿಸಬಲ್ಲುವು. ಆದುದರಿಂದ ಓದುವವನು ಜಿಗಿತದ ಸಾಲನ್ನು ಕಂಡಾಗಲೆಲ್ಲ ಹಿಂದಕ್ಕೆ ನಡೆದು, ಈ ಗುರುತನ್ನಿಟ್ಟವರು ಯಾರು ಎಂದು ಹುಡುಕಬೇಕು. ಜಿಗಿತವೋ, ಎಲ್ಲಿಂದ ಎಲ್ಲಿಗೆ ಬೇಕಾದರೂ ಆಗಬಹುದು. ಐದನೆಯ ಪುಟದಿಂದ ನಲವತ್ತನೆಯ ಪುಟಕ್ಕೆ, ಅಲ್ಲಿಂದ ಎಂಟನೆಯದಕ್ಕೆ! ಕಥೆಯ ಹಾಳೆಗಳನ್ನು ಗಾಳಿಯಲ್ಲಿ ಹಾರಿಸಿ, ಬಿದ್ದ ಕ್ರಮದಲ್ಲಿಯೇ ಹೊಲಿದ ಪುಸ್ತಕವನ್ನು ಓದಿದಂತಾಗುತ್ತದೆ.

ಕೆಲಸದ ಕ್ರಮವನ್ನು ಚಿತ್ರವಾಗಿ ಬರೆಯುವ ಯೋಚನೆ ಗಣಕಯಂತ್ರಕ್ಕಿಂತ ಹಳೆಯದು. ಫ್ರಾಂಕ್ ಗಿಲ್‌ಬ್ರೆತ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು 1921ರಲ್ಲಿಯೇ ಅಮೆರಿಕದ ಯಂತ್ರಶಿಲ್ಪಿಗಳ ಸಂಘದ ಮುಂದೆ ಕಾರ್ಖಾನೆಯ ಕೆಲಸಗಳನ್ನು ಚಿತ್ರಿಸುವ ವಿಧಾನವನ್ನು ವಿವರಿಸಿದ್ದರು. ಗಣಕಯಂತ್ರದ ವಿಷಯದಲ್ಲಿ ಅದನ್ನು ಶಾಸ್ತ್ರವಾಗಿ ನಿಲ್ಲಿಸಿದವರು ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್. ಪ್ರಿನ್ಸ್‌ಟನ್ನಿನಲ್ಲಿ ಕುಳಿತು 1947ರಲ್ಲಿ ಅವರು ಬರೆದ ವರದಿಯಲ್ಲಿ, ಸಮಸ್ಯೆಯನ್ನು ಮೊದಲು ನಕ್ಷೆಯಾಗಿ ಬರೆದು ಆಮೇಲೆ ಯಂತ್ರದ ಆಜ್ಞೆಗಳಾಗಿ ಬಿಡಿಸುವ ಕ್ರಮವನ್ನು ತೋರಿಸಿದರು. ಆ ಬಳಿಕ ನಕ್ಷೆಯಿಲ್ಲದೆ ಪ್ರೋಗ್ರಾಮಿಲ್ಲವೆಂಬುದು ಪಾಠಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ನಿಯಮವಾಯಿತು. ಯಂತ್ರ ತಯಾರಕರು ಪ್ಲಾಸ್ಟಿಕ್ ಪಟ್ಟಿಗಳನ್ನು ಹಂಚಿದರು.

ನಿಯಮವೊಂದು, ನಡತೆಯೊಂದು. ಪ್ರೋಗ್ರಾಮನ್ನು ಮೊದಲು ಬರೆದು, ಅದು ನಡೆದ ಮೇಲೆ, ಮೇಲಧಿಕಾರಿಯ ಕಡತಕ್ಕಾಗಿ ನಕ್ಷೆಯನ್ನು ಬರೆಯುವವರೇ ಹಲವರಾಗಿದ್ದರು. ಅದಾದರೂ ಒಂದು ಸಾರಿ ಬರೆದು ಕಟ್ಟಿಟ್ಟ ಮೇಲೆ ಅಲ್ಲಿಗೆ ಮುಗಿಯಿತು. ನಡುರಾತ್ರಿಯಲ್ಲಿ ಯಂತ್ರ ನಿಂತಾಗ ಓಡಿಬಂದು ನಾಲ್ಕು ಸಾಲು ತಿದ್ದಿದವನು, ಬೆಳಗಾದ ಮೇಲೆ ನಕ್ಷೆಯನ್ನು ತಿದ್ದಲು ಕುಳಿತುಕೊಳ್ಳುವನೆ? ವರ್ಷ ಕಳೆದಂತೆ ಪ್ರೋಗ್ರಾಮು ಒಂದು ದಾರಿ ಹಿಡಿದರೆ ನಕ್ಷೆ ಇನ್ನೊಂದು ದಾರಿಯನ್ನು ತೋರಿಸುತ್ತಿತ್ತು. ನಕ್ಷೆಯಿಲ್ಲದವನು ಎಚ್ಚರದಿಂದ ನಡೆಯುವನು. ತಪ್ಪು ನಕ್ಷೆಯನ್ನು ನಂಬಿದವನು ಧೈರ್ಯವಾಗಿಯೇ ಹೋಗಿ ಹಳ್ಳಕ್ಕೆ ಬೀಳುವನು.

ಇದಕ್ಕೆ ಪರಿಹಾರವಾಗಿ, ನಕ್ಷೆಯನ್ನು ಯಂತ್ರವೇ ಬರೆಯಲಿ ಎಂಬ ಯೋಚನೆ ಹುಟ್ಟಿತು. ಅದೇ ಪ್ರಿನ್ಸ್‌ಟನ್ನಿನಲ್ಲಿ ಅಪ್ಲೈಡ್ ಡೇಟಾ ರಿಸರ್ಚ್ ಎಂಬ ಸಣ್ಣ ಸಂಸ್ಥೆಯಿತ್ತು. 1964ರಲ್ಲಿ ಆರ್‌ಸಿಎ ಎಂಬ ಯಂತ್ರ ತಯಾರಕರು ಇಂಥದೊಂದು ಪ್ರೋಗ್ರಾಮು ಬೇಕೆಂದು ಕೇಳಿದರು. ಸಿದ್ಧಪಡಿಸಿದ ಮೇಲೆ ಬೇಡವೆಂದರು. ಸಂಸ್ಥೆಯ ಮಾರ್ಟಿನ್ ಗೆಟ್ಜ್ ಎಂಬವರು ಎದೆಗುಂದದೆ, ಆಟೋಫ್ಲೋ ಎಂದು ಹೆಸರಿಟ್ಟು, ಅದನ್ನು ಯಂತ್ರವಿದ್ದವರ ಮನೆಬಾಗಿಲಿಗೆ ಒಯ್ದು ಮಾರಲು ಹೊರಟರು. ಪ್ರೋಗ್ರಾಮೆಂದರೆ ಯಂತ್ರದೊಡನೆ ಪುಕ್ಕಟೆಯಾಗಿ ಬರತಕ್ಕದ್ದೆಂಬ ಭಾವನೆಯಿದ್ದ ಕಾಲವದು. ಅವರು ಆಟೋಫ್ಲೋವನ್ನು ಐಬಿಎಂ ಯಂತ್ರಗಳಿಗೂ ಹೊಂದಿಸಿದರು. ಪ್ರೋಗ್ರಾಮಿನ ಮೂಲವನ್ನು ಅದಕ್ಕೆ ಉಣಿಸಿದರೆ, ಮುದ್ರಣಯಂತ್ರವು ನಕ್ಷತ್ರಚಿಹ್ನೆ, ಅಡ್ಡಗೆರೆ, ಅಕ್ಷರ ಇವುಗಳಿಂದಲೇ ಚೌಕಗಳನ್ನು ಕಟ್ಟಿ ಉದ್ದನೆಯ ಕಾಗದದಲ್ಲಿ ನಕ್ಷೆಯನ್ನು ಅಚ್ಚೊತ್ತಿಕೊಡುತ್ತಿತ್ತು. ಯಂತ್ರದಿಂದ ಬೇರೆಯಾಗಿ, ಬೆಲೆಗೆ ಮಾರಲ್ಪಟ್ಟ ಮೊದಮೊದಲ ಪ್ರೋಗ್ರಾಮುಗಳಲ್ಲಿ ಇದೊಂದೆಂದು ಇತಿಹಾಸಕಾರರು ಎಣಿಸುತ್ತಾರೆ. 1968ರಲ್ಲಿ ಸಂಖ್ಯೆಗಳನ್ನು ವಿಂಗಡಿಸುವ ಬೇರೊಂದು ವಿಧಾನಕ್ಕಾಗಿ ಗೆಟ್ಜರು ಪೇಟೆಂಟನ್ನೂ ಪಡೆದರು. ಪ್ರೋಗ್ರಾಮಿಗೆ ದೊರೆತ ಮೊದಮೊದಲ ಪೇಟೆಂಟುಗಳಲ್ಲಿ ಅದೊಂದು. 1969ರಲ್ಲಿ ಐಬಿಎಂ ಸಂಸ್ಥೆಯೇ ಯಂತ್ರಕ್ಕೊಂದು ಬೆಲೆ, ಪ್ರೋಗ್ರಾಮಿಗೊಂದು ಬೆಲೆ ಎಂದು ಬೇರ್ಪಡಿಸಲು ಒಪ್ಪಿತು.

ಯಂತ್ರವು ಬರೆದ ನಕ್ಷೆಗೆ ಒಂದು ದೊಡ್ಡ ಗುಣವುಂಟು: ಅದು ಇದ್ದುದನ್ನು ಇದ್ದಂತೆ ಹೇಳುತ್ತದೆ. ಜಿಗಿತಗಳೆಲ್ಲಿವೆ, ಜಿಗಿದು ಬಂದು ನಿಲ್ಲುವ ಎಡೆಗಳೆಲ್ಲಿವೆ ಎಂದು ನೋಡಿ ಪ್ರೋಗ್ರಾಮನ್ನು ತುಂಡುಗಳಾಗಿ ಕಡಿದು, ತುಂಡಿನಿಂದ ತುಂಡಿಗೆ ಬಾಣವನ್ನೆಳೆಯುತ್ತದೆ. ಆದರೆ ಅದಕ್ಕೆ ಕಾಣುವುದು ಬರೆದಿಟ್ಟ ದಾರಿ ಮಾತ್ರ. ಆ ಕಾಲದ ಅಸೆಂಬ್ಲರ್ ಬರೆಹಗಾರರಿಗೆ ಮೆಮೊರಿ ಬಂಗಾರದಂತೆ ದುಬಾರಿಯಾಗಿತ್ತು. ಆದುದರಿಂದ ಅವರು ಹಲವು ಚಮತ್ಕಾರಗಳನ್ನು ಮಾಡುತ್ತಿದ್ದರು. ಎಂದೂ ಜಿಗಿಯಬೇಡ ಎಂದು ಬರೆದ ಆಜ್ಞೆಯ ಅರ್ಧ ಬೈಟನ್ನು, ಪ್ರೋಗ್ರಾಮು ನಡೆಯುತ್ತಿರುವಾಗಲೇ 0ಯಿಂದ 15ಕ್ಕೆ ಬದಲಾಯಿಸಿಬಿಟ್ಟರೆ, ಆ ಆಜ್ಞೆಯೇ ಯಾವಾಗಲೂ ಜಿಗಿ ಎಂದಾಗುವುದು. ಕಾಗದದ ಮೇಲೆ ಮುಚ್ಚಿದ ಬಾಗಿಲು. ಓಡುವಾಗ ತೆರೆದ ಬಾಗಿಲು! ಇನ್ನೊಂದು ಚಮತ್ಕಾರವೆಂದರೆ, ಹೋಗಬೇಕಾದ ಎಡೆಗಳ ವಿಳಾಸಗಳನ್ನೆಲ್ಲ ಒಂದು ಕೋಷ್ಟಕದಲ್ಲಿ ಬರೆದಿಟ್ಟು, ಬಂದ ಅಂಕಿಗೆ ತಕ್ಕ ವಿಳಾಸವನ್ನು 15ನೆಯ ರಿಜಿಸ್ಟರಿಗೆ ತಂದುಕೊಂಡು, ಇದರಲ್ಲಿರುವ ವಿಳಾಸಕ್ಕೆ ಹೋಗು ಎಂದುಬಿಡುವುದು. ನಕ್ಷೆ ಬರೆಯುವ ಯಂತ್ರವು ಅಲ್ಲಿಗೆ ಬಂದು, ಮುಂದಿನ ಊರು ಯಾವುದೆಂದು ತಿಳಿಯದೆ ನಿಂತುಬಿಡುತ್ತದೆ.

ಇದು ಬರಿಯ ಪಂಡಿತರ ಚರ್ಚೆಯಲ್ಲವೆಂಬುದು ಆ ಹಿರಿಯಾಕೆಗೆ 1998ರ ಮಳೆಗಾಲದಲ್ಲಿ ಮನದಟ್ಟಾಯಿತು. ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆಯುತ್ತಿದ್ದುದರಿಂದ, 2000ನೆಯ ಇಸವಿ ಬಂದಾಗ ಯಂತ್ರಗಳು ಅದನ್ನು 00 ಎಂದು ಓದಿ ಲೆಕ್ಕ ತಪ್ಪುವುವೆಂಬ ಭೀತಿ ಲೋಕವನ್ನೆಲ್ಲ ಹಿಡಿದಿತ್ತು. ಅಮೆರಿಕದ ಕಚೇರಿಗಳ ಪ್ರೋಗ್ರಾಮುಗಳು ತಿದ್ದುಪಡಿಗಾಗಿ ಬೆಂಗಳೂರಿನ ಹಲವು ಸಂಸ್ಥೆಗಳಿಗೆ ಬಂದುವು. ಆಕೆ ಅಂಥದೊಂದು ಸಂಸ್ಥೆಯಲ್ಲಿ ಮೇಲ್ವಿಚಾರಕಿಯಾಗಿದ್ದರು. ಅವರ ಕೈಗೆ ಬಂದುದು 1971ರಲ್ಲಿ ಅಸೆಂಬ್ಲರಿನಲ್ಲಿ ಬರೆದ, ನಿವೃತ್ತಿವೇತನವನ್ನೂ ಕುಟುಂಬವೇತನವನ್ನೂ ಎಣಿಸುವ ಪ್ರೋಗ್ರಾಮು. ಸುಮಾರು ಒಂಬತ್ತು ಸಾವಿರ ಸಾಲು. ಬರೆದವರ ಹೆಸರಿನ ಮೊದಲಕ್ಷರಗಳು ಮಾತ್ರ ಮೊದಲನೆಯ ಪುಟದಲ್ಲಿದ್ದುವು. ಸಾಲುಗಳ ಪಕ್ಕದಲ್ಲಿ ಟಿಪ್ಪಣಿಗಳಿಗೇನೂ ಕೊರತೆಯಿರಲಿಲ್ಲ. ಆದರೆ 4ನ್ನು ಕೂಡು ಎಂಬ ಆಜ್ಞೆಯ ಪಕ್ಕದಲ್ಲಿ, 4ನ್ನು ಕೂಡಿದೆ ಎಂದೇ ಬರೆದಿತ್ತು.

ಆ ಕೆಲಸದಲ್ಲಿದ್ದ ತರುಣನೊಬ್ಬನು ನಕ್ಷೆ ಬರೆಯುವ ಉಪಕರಣದಿಂದ ಇಡೀ ಪ್ರೋಗ್ರಾಮಿನ ಪಟವನ್ನು ತೆಗೆಸಿ, ಮೇಜುಗಳನ್ನು ಜೋಡಿಸಿ ಹರಡಿದನು. ಬುದ್ಧಿವಂತ, ಶ್ರಮಕ್ಕೆ ಹಿಂಜರಿಯುವವನಲ್ಲ. ಎರಡು ವಾರದಲ್ಲಿ ಇಸವಿಯನ್ನು ಮುಟ್ಟುವ ತುಂಡುಗಳಿಗೆಲ್ಲ ಕೆಂಪು ಗುರುತು ಹಾಕಿದನು. ಪಟದ ಒಂದು ಮೂಲೆಯಲ್ಲಿ ಮಾತ್ರ ಮೂವತ್ತು ಸಾಲಿನ ತುಂಡೊಂದು ದ್ವೀಪದಂತೆ ನಿಂತಿತ್ತು. ಅದರಿಂದ ಹೊರಡುವ ಬಾಣವಿತ್ತು. ಅದಕ್ಕೆ ಬರುವ ಬಾಣವಿರಲಿಲ್ಲ.

“ಮೇಡಮ್, ಇಲ್ಲಿಗೆ ಯಾವ ದಾರಿಯೂ ಬರುವುದಿಲ್ಲ. ಯಾವ ಕಾಲದಲ್ಲೋ ಸತ್ತುಹೋದ ಭಾಗ. ಇದನ್ನು ತಿದ್ದುವ ಪಟ್ಟಿಯಿಂದ ಬಿಡಬಹುದಲ್ಲವೆ?” ಎಂದು ಕೇಳಿದನು.

ಗಡುವು ಹತ್ತಿರವಾಗಿತ್ತು. ನಡೆಯದ ಭಾಗವನ್ನು ಮುಟ್ಟಬೇಕಾಗಿಲ್ಲವೆಂದು ಒಪ್ಪಂದದಲ್ಲಿಯೂ ಇತ್ತು. ಆಕೆ ಒಂದು ಕ್ಷಣ ಪಟವನ್ನು ನೋಡಿ, “ದಾರಿ ಇಲ್ಲವೆಂದು ಪಟ ಹೇಳಿತು, ಸರಿಯಪ್ಪ. ಆ ತುಂಡಿಗೆ ಹೆಸರಿದೆಯಲ್ಲ, ಆ ಹೆಸರನ್ನು ಬೇರೆಲ್ಲಿಯಾದರೂ ಬರೆದಿದೆಯೇ ಎಂದು ಹುಡುಕಿದೆಯಾ?” ಎಂದರು.

ಅಸೆಂಬ್ಲರ್ ಪ್ರೋಗ್ರಾಮನ್ನು ಅನುವಾದಿಸಿದಾಗಲೆಲ್ಲ ಕೊನೆಯಲ್ಲಿ ಹೆಸರುಗಳ ಅನುಕ್ರಮಣಿಕೆಯೊಂದು ಅಚ್ಚಾಗುತ್ತದೆ; ಯಾವ ಹೆಸರು ಯಾವ ಸಾಲಿನಲ್ಲಿ ಬಂದಿದೆ ಎಂಬುದು ಅದರಲ್ಲಿ ದೊರೆಯುವುದು. ತರುಣನು ತೆಗೆದು ನೋಡಿದನು. ಆ ಹೆಸರು ಒಂದೇ ಒಂದು ಕಡೆ ಬಂದಿತ್ತು. ಅದು ಆಜ್ಞೆಯಲ್ಲಿ ಅಲ್ಲ, ವಿಳಾಸಗಳ ಕೋಷ್ಟಕವೊಂದರಲ್ಲಿ. ಕೋಷ್ಟಕದಲ್ಲಿ ಎಂಟು ವಿಳಾಸಗಳಿದ್ದುವು, ಇದು ಎಂಟನೆಯದು. ಫಲಾನುಭವಿಯ ದಾಖಲೆಯಲ್ಲಿ 0ಯಿಂದ 7ರವರೆಗೆ ಒಂದು ಅಂಕಿ. ಆ ಅಂಕಿಯನ್ನು ನಾಲ್ಕರಿಂದ ಗುಣಿಸಿದರೆ ಕೋಷ್ಟಕದೊಳಗಿನ ಎಡೆ ಸಿಕ್ಕುವುದು. ಉಳಿದ ಏಳು ತುಂಡುಗಳಿಗೆ ಬೇರೆ ಕಡೆಯಿಂದಲೂ ದಾರಿಯಿದ್ದುದರಿಂದ ಅವು ಪಟದಲ್ಲಿ ಒಂಟಿಯಾಗಿ ಕಂಡಿರಲಿಲ್ಲ. 7 ಎಂಬ ಅಂಕಿಯವರಿಗೆ ಮಾತ್ರ ಇದೊಂದೇ ದಾರಿ.

7 ಎಂದರೆ ಯಾರು? ಪ್ರೋಗ್ರಾಮಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಮೆರಿಕಕ್ಕೆ ಬರೆದು ಕೇಳಿದರು. ಉತ್ತರ ಎರಡು ದಿನಗಳಲ್ಲಿ ಬಂದಿತು. ಗತಿಸಿದ ನೌಕರರ ಮಕ್ಕಳಲ್ಲಿ, ಅಂಗವೈಕಲ್ಯದಿಂದ ದುಡಿಯಲಾರದೆ, ವಯಸ್ಸಿಗೆ ಬಂದ ಮೇಲೆಯೂ ಕುಟುಂಬವೇತನವನ್ನು ಪಡೆಯತಕ್ಕವರು ಅವರು. ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರವನ್ನು ಒಪ್ಪಿಸಬೇಕು. ಪತ್ರದ ಅವಧಿ ಮುಗಿಯುವ ಇಸವಿಯನ್ನು ಈಗಿನ ಇಸವಿಯೊಡನೆ ಹೋಲಿಸಿ, ಕಡಮೆಯಾಗಿದ್ದರೆ ವೇತನವನ್ನು ನಿಲ್ಲಿಸುವುದೇ ಆ ಮೂವತ್ತು ಸಾಲುಗಳ ಕೆಲಸ. 1999ರ ಜನವರಿಯಲ್ಲಿ ಒಪ್ಪಿಸುವ ಪತ್ರದ ಅವಧಿ 2000ನೆಯ ಇಸವಿಯಲ್ಲಿ ಮುಗಿಯುವುದು. ಯಂತ್ರಕ್ಕೆ ಅದು 00. 00 ಎಂಬುದು 99ಕ್ಕಿಂತ ಕಡಮೆ. ಲೋಕವೆಲ್ಲ 2000ದ ಜನವರಿಗೆ ಎದುರುನೋಡುತ್ತಿದ್ದಾಗ, ಆ ಕೆಲವು ಮನೆಗಳಲ್ಲಿ ಒಂದು ವರ್ಷ ಮುಂಚೆಯೇ, ಪತ್ರವನ್ನು ಒಪ್ಪಿಸಿದ ತಿಂಗಳಿನಿಂದಲೇ, ವೇತನ ನಿಂತುಹೋಗುತ್ತಿತ್ತು. ಅವರು ಏನು ತಪ್ಪು ಮಾಡಿದರೆಂದು ಯಾರೂ ಹೇಳಬಲ್ಲವರಾಗಿರಲಿಲ್ಲ.

ತರುಣನು ಬಹಳ ನೊಂದುಕೊಂಡನು. ಪಟವೇ ಸುಳ್ಳಾಡಿತು, ಇನ್ನು ಇದನ್ನು ನಂಬುವುದಿಲ್ಲ ಎಂದನು. ಆಕೆ ಅದನ್ನು ಒಪ್ಪಲಿಲ್ಲ. ಒಂಬತ್ತು ಸಾವಿರ ಸಾಲುಗಳ ಕಾಡಿನಲ್ಲಿ ಆ ಮೂವತ್ತು ಸಾಲುಗಳನ್ನು ಒಂಟಿಯಾಗಿ ನಿಲ್ಲಿಸಿ ಕಣ್ಣಿಗೆ ಬೀಳುವಂತೆ ಮಾಡಿದುದು ಪಟವೇ ಅಲ್ಲವೆ? ಇಲ್ಲಿಗೆ ಬರುವ ದಾರಿ ತನಗೆ ಕಾಣದೆಂದು ಪಟ ಹೇಳಿತು. ದಾರಿಯೇ ಇಲ್ಲವೆಂದು ತೀರ್ಮಾನಿಸಿದವನು ಓದುವವನು.

ಫ್ಲೋಚಾರ್ಟಿನ ಬೆಲೆಯ ವಿಷಯದಲ್ಲಿ ಬಲ್ಲವರೊಳಗೂ ಒಮ್ಮತವಿಲ್ಲ. 360 ಪಂಕ್ತಿಯನ್ನು ರೂಪಿಸಿದ ಫ್ರೆಡ್ ಬ್ರೂಕ್ಸರೇ 1975ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಸಾಲುಸಾಲಿಗೂ ಚೌಕವನ್ನು ಬರೆಯುವ ವಿಸ್ತಾರವಾದ ನಕ್ಷೆಯು ಕಾಲ ಮೀರಿದ ಉಪದ್ರವವೆಂದು ಖಂಡಿಸಿದರು. ಪ್ರೋಗ್ರಾಮಿನ ಕೋಷ್ಟಕಗಳನ್ನು ನೋಡಿದವನಿಗೆ ನಕ್ಷೆಯ ಅಗತ್ಯವೇ ಬೀಳದೆಂಬುದು ಅವರ ಅಭಿಪ್ರಾಯ. 1977ರಲ್ಲಿ ಬೆನ್ ಶ್ನೈಡರ್‌ಮನ್ ಮತ್ತು ಸಂಗಡಿಗರು ಹಲವು ಪ್ರಯೋಗಗಳನ್ನು ನಡೆಸಿ, ನಕ್ಷೆಯನ್ನು ಪಡೆದವರಿಗೂ ಪಡೆಯದವರಿಗೂ ಪ್ರೋಗ್ರಾಮನ್ನು ತಿಳಿಯುವುದರಲ್ಲಿ ಗಣನೀಯವಾದ ಅಂತರವು ಕಾಣಲಿಲ್ಲವೆಂದು ಪ್ರಕಟಿಸಿದರು. ಆದರೆ ಅವರ ಪ್ರಯೋಗಗಳು ನಡೆದುದು ಉನ್ನತ ಭಾಷೆಗಳಲ್ಲಿ ಬರೆದ ಪ್ರೋಗ್ರಾಮುಗಳ ಮೇಲೆ. ಅಲ್ಲಿ ಭಾಷೆಯೇ ವಾಕ್ಯಗಳನ್ನು ಗುಂಪುಗೂಡಿಸಿ ಕೊಟ್ಟಿರುತ್ತದೆ. ಗುಂಪುಗೂಡದ ಯಂತ್ರಾಜ್ಞೆಗಳನ್ನು ಅರ್ಥವುಳ್ಳ ಕಟ್ಟುಗಳಾಗಿ ಕಟ್ಟುವುದಕ್ಕೆಂದೇ ಈ ಚೌಕಗಳು ಹುಟ್ಟಿದುವೆಂದು ಬ್ರೂಕ್ಸರೂ ಒಪ್ಪುತ್ತಾರೆ. ಆದುದರಿಂದ ಅಸೆಂಬ್ಲರ್ ಉಳಿದಿರುವವರೆಗೆ ನಕ್ಷೆಗೂ ಎಡೆ ಉಳಿದಿದೆ. ಹೊಸದಾಗಿ ಬರೆಯುವವನಿಗೆ ಅದು ಬೇಡವಾಗಬಹುದು. ಇನ್ನೊಬ್ಬರು ಬರೆದುದನ್ನು ಓದುವವನಿಗೆ ಬೇಕು.

ಅಸೆಂಬ್ಲರ್ ಇನ್ನೂ ಉಳಿದಿದೆ. 360 ಪಂಕ್ತಿಗಾಗಿ ಬರೆದ ಎಷ್ಟೋ ಪ್ರೋಗ್ರಾಮುಗಳು 2000ದ ಬಳಿಕ ಬಂದ ಐಬಿಎಂ ಝಡ್ ಯಂತ್ರಗಳಲ್ಲಿಯೂ ಬದಲಾವಣೆಯಿಲ್ಲದೆ ನಡೆಯಬಲ್ಲುವು. 1992ರಲ್ಲಿ ಹೊರಬಂದ ಹೈ ಲೆವೆಲ್ ಅಸೆಂಬ್ಲರಿಗೆ ಪೂರಕವಾಗಿ ಐಬಿಎಂ ಸಂಸ್ಥೆಯು ಒಂದು ಉಪಕರಣಗಳ ಕಟ್ಟನ್ನು ಮಾಡಿತು. ಯಂತ್ರದ ಅಂಕಿಗಳಿಂದ ಮತ್ತೆ ಅಸೆಂಬ್ಲರಿನ ಸಾಲುಗಳನ್ನು ಬಿಡಿಸುವುದು, ಹಲವು ಪ್ರೋಗ್ರಾಮುಗಳಲ್ಲಿ ಹೆಸರುಗಳನ್ನು ಹುಡುಕಿ ಪಟ್ಟಿಮಾಡುವುದು, ಒಂದೊಂದೇ ಹೆಜ್ಜೆಯಾಗಿ ನಡೆಸಿ ನೋಡುವುದು ಮುಂತಾದುವಲ್ಲದೆ, ಪ್ರೋಗ್ರಾಮನ್ನು ತಿಳಿಯುವ ಉಪಕರಣವೆಂದೇ ಹೆಸರುಳ್ಳ ಒಂದು ಸಾಧನವೂ ಅದರಲ್ಲುಂಟು. ಅದು ಮೇಜಿನ ಗಣಕದ ಪರದೆಯ ಮೇಲೆ ಒಂದು ಕಡೆ ಸಾಲುಗಳನ್ನೂ ಇನ್ನೊಂದು ಕಡೆ ದಾರಿಗಳ ನಕ್ಷೆಯನ್ನೂ ತೋರಿಸುತ್ತದೆ. ಮೇಜುಗಳನ್ನು ಜೋಡಿಸಿ ಕಾಗದವನ್ನು ಹರಡುವ ಶ್ರಮವಿಲ್ಲ. ಬೇಕಾದುದನ್ನು ಹಿಗ್ಗಿಸಿಯೂ ಬೇಡದುದನ್ನು ಕುಗ್ಗಿಸಿಯೂ ನೋಡಬಹುದು. ಇದೆಲ್ಲ ದೊಡ್ಡ ಅನುಕೂಲವೇ. ಆದರೂ 7 ಎಂದರೆ ಯಾರು ಎಂಬ ಪ್ರಶ್ನೆಗೆ ಉತ್ತರ ಆ ಪರದೆಯಲ್ಲಿ ಮೂಡುವುದಿಲ್ಲ. ಬರೆದವನು ತಿಳಿದಿದ್ದು, ಬರೆಯದೆ ಬಿಟ್ಟುದನ್ನು ಯಾವ ಉಪಕರಣವೂ ಪ್ರೋಗ್ರಾಮಿನಿಂದ ಹಿಂಡಿ ತೆಗೆಯಲಾರದು.

ಅಂದು ಸಂಜೆ ಆ ಮೂವತ್ತು ಸಾಲುಗಳ ತಿದ್ದುಪಡಿ ಮುಗಿದ ಮೇಲೆ ತರುಣನು ಮನೆಗೆ ಹೊರಟುನಿಂತನು. ಆಕೆ ಅವನನ್ನು ಕೂರಿಸಿ, ತುಂಡಿನ ತಲೆಯ ಮೇಲೆ ಟಿಪ್ಪಣಿಯಾಗಿ ನಾಲ್ಕು ಸಾಲು ಬರೆಯಲು ಹೇಳಿದರು. ಮೊದಲು ಅವನು, ಇಲ್ಲಿ ಇಸವಿಯನ್ನು ನಾಲ್ಕು ಅಂಕಿಯಾಗಿ ಮಾಡಿದೆ ಎಂದು ಬರೆದನು. ಅದು ಆಜ್ಞೆಯನ್ನು ಓದಿದರೆ ತಿಳಿಯುವುದಪ್ಪ, ಅಳಿಸು ಎಂದರು. ಎರಡನೆಯ ಸಾರಿ ಬರೆದುದು ನಿಂತಿತು. 7ನೆಯ ಅಂಕಿಯವರು ಯಾರು, ಅವರಿಗೆ ವೇತನ ಏಕೆ ನಿಲ್ಲಬಾರದು, ಇಲ್ಲಿಗೆ ದಾರಿ ಯಾವ ಕೋಷ್ಟಕದಿಂದ ಬರುತ್ತದೆ, ನಕ್ಷೆಯಲ್ಲಿ ಅದು ಏಕೆ ಕಾಣದು ಎಂಬುವೇ ಆ ನಾಲ್ಕು ಸಾಲುಗಳು. ಅಮೆರಿಕದ ಯಾವ ಊರಿನಲ್ಲೋ ಮುಂದೆ ಅದನ್ನು ತೆರೆದು ಓದುವವನು ಬೆಂಗಳೂರಿಗೆ ಬರೆದು ಕೇಳಬೇಕಾದ ಪ್ರಸಂಗ ಬರುವುದಿಲ್ಲ.

ಪ್ಲಾಸ್ಟಿಕ್ ಪಟ್ಟಿಯು ಈಗಲೂ ಬೀರುವಿನಲ್ಲಿದೆ. ಮಕ್ಕಳು ವಜ್ರಾಕೃತಿಯ ಕಂಡಿಯಲ್ಲಿ ಗಾಳಿಪಟದ ಚಿತ್ರ ಬರೆಯುತ್ತಾರೆ. ಆಕೆ ಬೇಡವೆನ್ನುವುದಿಲ್ಲ, ಬರೆದ ಚಿತ್ರದ ಕೆಳಗೆ ಇದು ಏನು, ಯಾರಿಗಾಗಿ ಎಂದು ಒಂದು ಮಾತು ಬರೆಯಿರಿ ಎಂದು ಮಾತ್ರ ಹೇಳುತ್ತಾರೆ.